ದಾದರ್ ಟಿಟಿಯ ಟ್ರಾಮ್ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಅಜ್ಜ ಹುಡುಗರಾಗಿದ್ದಾಗ ಮುಂಬೈಗೆ ಹೋಗಿ ಮಾಟುಂಗದ ಹೋಟೆಲಿನಲ್ಲಿ ದುಡಿದವರು. ದಾದರ್ ಟಿಟಿಯಲ್ಲಿ ಟ್ರಾಮ್ ಹತ್ತಿ ಬೋರಿಬಂದರಿಗೆ (ಈಗಿನ ಸಿಎಸ್‌ಎಂಟಿ ರೈಲು ನಿಲ್ದಾಣದ ಕಡೆ) ಹೋಗುತ್ತಿದ್ದೆ ಅಂತ ಈಗಲೂ ಹೇಳುತ್ತಾರೆ. ಟಿಟಿ ಅಂದರೇನು? ಟ್ರಾಮನ್ನು ಯಾಕೆ ತೆಗೆದರು?
(ಓದುಗರು, ಕುಂದಾಪುರ)

ಉತ್ತರ: ಟಿಟಿ ಅಂದರೆ ಟ್ರಾಮ್ ಟರ್ಮಿನಸ್, ರಸ್ತೆಯ ಹಳಿಯ ಮೇಲೆ ಓಡುತ್ತಿದ್ದ ಟ್ರಾಮಿನ ಕೊನೆಯ ನಿಲ್ದಾಣ. ಟ್ರಾಮ್ ನಿಂತು ಅರವತ್ತು ವರ್ಷ ದಾಟಿದೆ, ಹೆಸರು ಮಾತ್ರ ಜನರ ಬಾಯಲ್ಲಿ ಹಾಗೇ ಉಳಿದಿದೆ. ಅಜ್ಜ ಹೇಳುವುದನ್ನೆಲ್ಲ ದಯವಿಟ್ಟು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆ ಟ್ರಾಮಿನಲ್ಲಿ ಕೂತವರು ಈಗ ಕಡಿಮೆ.

ಮುಂಬೈಯಲ್ಲಿ ಟ್ರಾಮ್ ಶುರುವಾಗಿದ್ದು 1874ರ ಮೇ 9ಕ್ಕೆ. ಕೊಲಾಬಾದಿಂದ ಪಾಯಧುನಿಗೆ ಕುದುರೆಗಳು ಎಳೆಯುತ್ತಿದ್ದವು. ಮೊದಲು ಮೂರಾಣೆ ತೆಗೆದುಕೊಳ್ಳುತ್ತಿದ್ದರು, ಟಿಕೆಟ್ ಇರಲಿಲ್ಲ. ಆಮೇಲೆ ದರ ಎರಡಾಣೆಗೆ ಇಳಿಯಿತು, ದುಡ್ಡು ಕೊಡದೆ ಹೋಗುವವರು ಜಾಸ್ತಿಯಾದರು ಅಂತ ಟಿಕೆಟ್ಟೂ ಬಂತು. 1907ರ ಮೇ 7ಕ್ಕೆ ಕರೆಂಟಿನ ಟ್ರಾಮ್, 1920ರಲ್ಲಿ ಡಬಲ್ ಡೆಕ್ಕರ್ ಟ್ರಾಮ್.

1926ರಲ್ಲಿ ಬಸ್ಸು ಬಂತು. ಟ್ರಾಮ್ ಹಳೆಯದಾಯಿತು, ಅದಕ್ಕೇ ಹೋಯಿತು ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಹಳಿ ಇದ್ದದ್ದು ನಡುರಸ್ತೆಯಲ್ಲಿ. ಮುಂದೆ ಎತ್ತಿನಗಾಡಿ ನಿಂತರೆ ಬಸ್ಸಿನವನು ಪಕ್ಕದಿಂದ ದಾಟಿಸಿಕೊಂಡು ಹೋಗುತ್ತಾನೆ, ಟ್ರಾಮ್ ಡ್ರೈವರ್ ಗಂಟೆ ಬಾರಿಸುತ್ತಾ ಕಾಯಬೇಕು. ಒಂದು ಕೆಟ್ಟು ನಿಂತರೆ ಹಿಂದಿನವೆಲ್ಲ ಸಾಲುಗಟ್ಟುತ್ತವೆ. ಕಾರು, ಲಾರಿ ಜಾಸ್ತಿಯಾದಷ್ಟೂ ಟ್ರಾಮ್ ನಿಧಾನವಾಗುತ್ತದೆ, ನಿಧಾನ ಅಂತ ಜನ ಬಸ್ಸು ಹತ್ತುತ್ತಾರೆ, ಜನ ಇಲ್ಲದೆ ನಷ್ಟ, ನಷ್ಟ ಅಂತ ಹಳಿಯ ರಿಪೇರಿ ಮುಂದಕ್ಕೆ ಹೋಗುತ್ತದೆ, ಕೊನೆಗೆ ಟ್ರಾಮೇ ರಸ್ತೆಗೆ ಅಡ್ಡ ಅನ್ನುತ್ತಾರೆ. ಬಹಳ ಊರುಗಳಲ್ಲಿ ನಡೆದದ್ದು ಇದೇ. ಒಂದು ಟ್ರಾಮಿನ ಜನರನ್ನು ಕಾರುಗಳಲ್ಲಿ ಕೂರಿಸಿದರೆ ಇಡೀ ಬೀದಿ ತುಂಬುತ್ತದೆ, ಅಲ್ವಾ? ಜೂರಿಕ್, ಮೆಲ್ಬರ್ನ್‌ನವರು ಟ್ರಾಮ್ ಉಳಿಸಿಕೊಂಡರು, ಇವತ್ತಿಗೂ ಅಲ್ಲಿ ಜನ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ.

ಮುಂಬೈಯಲ್ಲಿ ಒಂದೊಂದೇ ಮಾರ್ಗ ಮುಚ್ಚುತ್ತಾ ಬಂದರು. 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಹೋಯಿತು, ಒಳಗೆ ಜನ ಕಿಕ್ಕಿರಿದಿದ್ದರು. ನಿಮ್ಮ ಅಜ್ಜನ ದಾರಿಯೇ ಅದು. ಆ ರಾತ್ರಿ ಅವರು ಎಲ್ಲಿದ್ದರು ಅಂತ ಕೇಳಿ ನೋಡಿ. ಕೆಲವು ವರ್ಷಗಳ ಹಿಂದೆ ಫ್ಲೋರಾ ಫೌಂಟನ್ ಹತ್ತಿರ ನೆಲ ಅಗೆದಾಗ ಹಳೆಯ ಹಳಿಗಳು ಸಿಕ್ಕಿದವು. ಕಿತ್ತಿರಲೇ ಇಲ್ಲ, ಮೇಲೆ ರಸ್ತೆ ಹಾಕಿದ್ದರು.

ಪ್ರಶ್ನೆ: ಅಮೆರಿಕದಲ್ಲಿ ಕಾರು ಕಂಪನಿಯವರೇ ಟ್ರಾಮನ್ನು ಮುಗಿಸಿದರು ಅಂತಾರೆ. ನಿಜವಾ?
(ಓದುಗರು, ಶಿರಸಿ)

ಉತ್ತರ: ಅರ್ಧ ನಿಜ. ನ್ಯಾಷನಲ್ ಸಿಟಿ ಲೈನ್ಸ್ ಅನ್ನುವ ಕಂಪನಿ ಹಲವು ಊರುಗಳ ಟ್ರಾಮ್ ಕಂಪನಿಗಳನ್ನು ಕೊಂಡು ಬಸ್ಸು ಓಡಿಸಿತು. ಅದಕ್ಕೆ ದುಡ್ಡು ಹಾಕಿದವರಲ್ಲಿ ಜನರಲ್ ಮೋಟಾರ್ಸ್, ಫೈರ್‌ಸ್ಟೋನ್ ಟೈರ್ ಕಂಪನಿ ಇದ್ದವು. 1949ರಲ್ಲಿ ಕೋರ್ಟು ಅವರನ್ನು ತಪ್ಪಿತಸ್ಥರು ಅಂದಿತು, ಕಂಪನಿಗಳಿಗೆ ತಲಾ 5,000 ಡಾಲರ್ ದಂಡ ಹಾಕಿತು. ಆದರೆ ಅದು ಟ್ರಾಮ್ ತೆಗೆದದ್ದಕ್ಕಲ್ಲ, ಆ ಊರುಗಳಿಗೆ ಬಸ್ಸು, ಟೈರು, ಎಣ್ಣೆ ಮಾರುವ ವ್ಯಾಪಾರವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಒಳಸಂಚು ಮಾಡಿದ್ದಕ್ಕೆ. ಅಷ್ಟರಲ್ಲಾಗಲೇ ಟ್ರಾಮ್ ಕಂಪನಿಗಳು ಸೊರಗಿದ್ದವು. ಬಹಳ ಊರುಗಳಲ್ಲಿ ಐದು ಸೆಂಟಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಕರಾರು ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಕೂಲಿ, ಸಾಮಾನಿನ ಬೆಲೆ ಎಲ್ಲ ಏರಿದರೂ ಟಿಕೆಟ್ ದರ ಏರಿಸುವುದು ಸುಲಭವಿರಲಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಟ್ರಾಮ್ ಇತ್ತಾ? ಈಗ ಎಲ್ಲಾದರೂ ಹತ್ತಬಹುದಾ?
(ಓದುಗರು, ತುಮಕೂರು)

ಉತ್ತರ: ಬೆಂಗಳೂರಿನಲ್ಲಿ ಇರಲಿಲ್ಲ. ಹತ್ತಿರದ್ದು ಅಂದರೆ ಮದ್ರಾಸು. ದೇಶದ ಮೊದಲ ಕರೆಂಟಿನ ಟ್ರಾಮ್ ಓಡಿದ್ದೇ ಅಲ್ಲಿ, 1895ರಲ್ಲಿ. ಅದು 1953ರಲ್ಲಿ ನಿಂತುಹೋಯಿತು. ಈಗ ಉಳಿದಿರುವುದು ಕೋಲ್ಕತ್ತಾ ಒಂದೇ. ಎಸ್ಪ್ಲನೇಡ್‌ನಿಂದ ಮೈದಾನದವರೆಗಿನ ತುಂಡು ದಾರಿಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ 2024ರಲ್ಲಿ ಹೇಳಿದೆ. ಹೋಗುವ ಮನಸ್ಸಿದ್ದರೆ ತಡಮಾಡಬೇಡಿ.