ಹೆತ್ತವಳು ಬೇಡ ಅನ್ನೋಕೂ ಅಪ್ಪಣೆ ಬೇಕಾ?

ಇಂಗ್ಲೆಂಡಿನಲ್ಲಿರುವ ಹಾಸನ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಪಕ್ಕದ ಮನೆಯ ಹುಡುಗಿ ಕುಡಿತಕ್ಕೆ ಬಿದ್ದಿದ್ದಳು. ಅವಳ ಎರಡು ಪುಟ್ಟ ಮಕ್ಕಳನ್ನು ಕೌನ್ಸಿಲ್‌ನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ಕರೆದುಕೊಂಡು ಹೋದರು. ಈಗ 14 ತಿಂಗಳಿಂದ ಅವಳು ಒಂದು ಹನಿ ಮುಟ್ಟಿಲ್ಲ. ಅಷ್ಟರಲ್ಲಿ, ಮಕ್ಕಳನ್ನು ಇಟ್ಟುಕೊಂಡಿರುವ ಕುಟುಂಬ ಅವರನ್ನು ದತ್ತು ಪಡೆಯಲು ಅರ್ಜಿ ಹಾಕಿದೆ ಅಂತ ಕಾಗದ ಬಂದಿದೆ. ವಿರೋಧಿಸೋಕೂ ಮೊದಲು ಕೋರ್ಟಿನ ಅಪ್ಪಣೆ ಬೇಕಂತೆ. ಇದು ನ್ಯಾಯವೇ? ನಮ್ಮೂರಲ್ಲಿ ಹೀಗಿದೆಯಾ?’

ಸಹೋದರಿ, ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಬರೆದ, ಅವಳ ಫ್ರಿಜ್ ಮೇಲೆ ಅಂಟಿಸಿದ ಆ ಕ್ಯಾಲೆಂಡರ್, ಕುಡಿಯದ ಪ್ರತಿ ದಿನಕ್ಕೂ ಅವಳು ಎಳೆದ ಹಸಿರು ಗೀಟು, ಇನ್ನೂ ಕಣ್ಣ ಮುಂದೆಯೇ ಇದೆ.

ಹೌದು, ಅಪ್ಪಣೆ ಬೇಕು. ಅಲ್ಲಿನ 2002ರ ದತ್ತು ಕಾಯ್ದೆಯ 47ನೇ ಸೆಕ್ಷನ್ ಹಾಗೆ ಹೇಳುತ್ತದೆ. ಮಕ್ಕಳನ್ನು ದತ್ತು ಮನೆಗೆ ಕಳಿಸುವ ಮೊದಲೇ ಕೌನ್ಸಿಲ್ ‘ಪ್ಲೇಸ್‌ಮೆಂಟ್ ಆರ್ಡರ್’, ಅಂದರೆ ಹಾಗೆ ಕಳಿಸಲು ಕೋರ್ಟಿನ ಆದೇಶ, ತಂದಿರುತ್ತದೆ. ತಾಯಿ ಒಪ್ಪದಿದ್ದರೂ, ಮಗುವಿನ ಹಿತಕ್ಕೆ ಅದೇ ಬೇಕು ಅನ್ನಿಸಿದರೆ ಕೋರ್ಟು ಕೊಡುತ್ತದೆ. ತಾಯಿಯ ಮಾತು ಪೂರ್ತಿ ಕೇಳಿಸಬೇಕಾದ ಜಾಗ ಅದೇ. ಆದರೆ ಆಗ ಅವಳು ಕುಡಿತದಲ್ಲಿದ್ದಳು, ಅಲ್ವಾ? ನನ್ನ ಸಂಕಟ ಇಲ್ಲೇ. ಮಾತಾಡಲು ಶಕ್ತಿ ಇಲ್ಲದಾಗ ಬಾಗಿಲು ತೆರೆದಿತ್ತು. ಶಕ್ತಿ ಬಂದಾಗ ಅದೇ ಬಾಗಿಲು ಬಡಿಯಬೇಕು.

ಬಡಿಯುವುದು ಹೇಗೆ ಅಂತ 2007ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು. ಮೊದಲನೆಯದು, ಪ್ಲೇಸ್‌ಮೆಂಟ್ ಆರ್ಡರ್ ಆದಮೇಲೆ ಪರಿಸ್ಥಿತಿ ನಿಜವಾಗಿ ಬದಲಾಗಿದೆಯಾ? ಎರಡನೆಯದು, ಬದಲಾಗಿದ್ದರೂ ಅಪ್ಪಣೆ ಕೊಡಬೇಕಾ? ಹಾಗಾಗಿ ಆ ಆರ್ಡರ್ ಆದ ತಾರೀಖು ಮೊದಲು ಹುಡುಕಿ. ಅದರ ನಂತರದ ಗೀಟುಗಳೇ ಲೆಕ್ಕಕ್ಕೆ.

ಇಂಥ ಅಪ್ಪಣೆ ಬಹಳ ಅಪರೂಪಕ್ಕೆ ಮಾತ್ರ ಅನ್ನುವ ಮಾತು ಕೋರ್ಟುಗಳಲ್ಲಿ ಇತ್ತು. 2013ರಲ್ಲಿ ನ್ಯಾಯಾಧೀಶ ಸರ್ ಜೇಮ್ಸ್ ಮನ್‌ಬಿ ಅವರಿದ್ದ ಪೀಠ ಅದನ್ನು ಬಿಟ್ಟುಬಿಡಿ ಅಂದಿತು. ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಹೆತ್ತವರ ಒಪ್ಪಿಗೆ ಇಲ್ಲದ ದತ್ತು, ಮಕ್ಕಳು ಈಗಾಗಲೇ ಹೊಸ ಮನೆಯಲ್ಲಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ತಾಯಿಯ ಅರ್ಜಿಯನ್ನು ತಳ್ಳಿಹಾಕಬಾರದು ಅಂತ ಹೇಳಿತು. ಓದಿದಾಗ ನನಗೆ ಎಷ್ಟೋ ಸಮಾಧಾನವಾಗಿತ್ತು. ಆದರೆ ಅದೇ ಪ್ರಕರಣದ ತಾಯಿಗೆ ಅಪ್ಪಣೆ ಸಿಗಲಿಲ್ಲ. ಅವಳು ಬದಲಾದ ರೀತಿ ಕಂಡು ಕೋರ್ಟೇ ಬೆರಗಾಗಿತ್ತು. ಆದರೂ ಮಕ್ಕಳು ಮರಳುವುದು ಆಗದ ಮಾತು ಅಂತ ಅನ್ನಿಸಿತು. ಇದನ್ನು ಆ ಹುಡುಗಿಯಿಂದ ಮುಚ್ಚಿಡಬೇಡಿ.

ಸುಮ್ನೆ ಕಾಯುವುದಂತೂ ಬೇಡವೇ ಬೇಡ. ದತ್ತು ಆದೇಶ ಆಗಿಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಮುಗಿದ ಹಾಗೆ. ನಾರ್ಫಕ್‌ನ ಒಂದು ದಂಪತಿಯ ಮೂರು ಮಕ್ಕಳು 2005ರಲ್ಲಿ ದತ್ತು ಹೋದರು. ಮಗುವಿನ ಮೂಳೆ ಮುರಿದಿದ್ದು ಹೊಡೆತದಿಂದಲ್ಲ, ವಿಟಮಿನ್ ಸಿ ಕೊರತೆಯಿಂದ ಇರಬಹುದು ಅಂತ ಆಮೇಲೆ ತಜ್ಞರು ಹೇಳಿದರು. 2009ರಲ್ಲಿ ಮೇಲ್ಮನವಿ ಕೋರ್ಟು ಅಂದಿದ್ದು ಇಷ್ಟೇ: ತಡವಾಯಿತು. ನನಗೆ ಅದು ಇವತ್ತಿಗೂ ನುಂಗಲಾರದ ತುತ್ತು.

ನಮ್ಮೂರಿನ ಬಗ್ಗೆ ಕೇಳಿದ್ದೀರಿ. ಇಲ್ಲಿ 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಮಗುವನ್ನು ತಾವೇ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು 2 ತಿಂಗಳು ಸಮಯವಿದೆ. ಅದು ಬೇರೆಯದೇ ದಾರಿ. ಅದನ್ನು ಹಿಡಿದು ನಮ್ಮದೇ ಮೇಲು ಅಂತ ನಾನು ಹೇಳುವುದಿಲ್ಲ.

ದತ್ತು ಕೇಳಿದ ಆ ಕುಟುಂಬದ ಮೇಲೂ ಸಿಟ್ಟು ಬೇಡ. ರಾತ್ರಿ ಎದ್ದು ಅಳುವ ಮಕ್ಕಳನ್ನು ಈಗ ಎತ್ತಿಕೊಳ್ಳುತ್ತಿರುವವರು ಅವರೇ. ಮಕ್ಕಳಿಗೆ ಅವರ ಮೈ ವಾಸನೆ ಅಭ್ಯಾಸವಾಗಿರುತ್ತದೆ. ಕೋರ್ಟು ತೂಗುವುದು ಅದನ್ನೂ.

ನಾಳೆಯೇ ಮಕ್ಕಳ ಕೇಸು ನಡೆಸುವ ವಕೀಲರ ಹತ್ತಿರ ಅವಳನ್ನು ಕರೆದುಕೊಂಡು ಹೋಗಿ. ಬಂದ ಕಾಗದ, ಡಾಕ್ಟರ ಚೀಟಿ, ರಕ್ತಪರೀಕ್ಷೆಯ ವರದಿ, ಕುಡಿತ ಬಿಡಿಸಿದವರ ಪತ್ರ, ಎಲ್ಲ ಒಂದು ಚೀಲಕ್ಕೆ ಹಾಕಿ. ಕ್ಯಾಲೆಂಡರನ್ನೂ ಬಿಚ್ಚಿಕೊಳ್ಳಿ. ಬರೀ ಗೀಟುಗಳಿಂದ ಕೋರ್ಟು ಒಪ್ಪಲಿಕ್ಕಿಲ್ಲ, ಆದರೆ ವಕೀಲರಿಗೆ ಅವಳು ಯಾರು ಅಂತ ಅರ್ಥವಾಗುತ್ತದೆ. ಇಂಥ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದರಿಂದ ನಿಮ್ಮನ್ನು ಒಳಗೆ ಬಿಡಲಿಕ್ಕಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿರಿ. ಅವಳು ಹೊರಗೆ ಬಂದಾಗ ನೀವು ಅಲ್ಲಿರಬೇಕು.