ಆಲ್ಬಮ್ ಪಟ್ಟಿ ಆಮೇಲೆ, ವಾಲ್ಯೂಮ್ ಎಲ್ಲಿಟ್ಟಿದ್ದೀರಿ ಮೊದಲು ಹೇಳಿ

ಎಲೆಕ್ಟ್ರಾನಿಕ್ ಸಂಗೀತ ಮತ್ತು ನಾಯ್ಸ್ (ಅಂದರೆ ಗದ್ದಲವನ್ನೇ ಸಂಗೀತ ಮಾಡೋದು) ಕೇಳೋಕೆ ಎಲ್ಲಿಂದ ಶುರು ಮಾಡಲಿ, ಯಾವ ಹೆಡ್‌ಫೋನ್ ತಗೊಳ್ಳಲಿ ಅಂತ ಚಿಕ್ಕಮಗಳೂರಿನಿಂದ ಕೇಳಿದ್ದೀರಿ. ಜೊತೆಗೆ, "ಅತಿ ಕಠೋರವಾದದ್ದನ್ನೇ ಮೊದಲು ಕೇಳು, ಕಿವಿ ಪಳಗುತ್ತೆ" ಅಂತ ಗೆಳೆಯರು ಹೇಳಿದ್ದಾರಂತೆ. ನನಗೂ ಹೀಗೇ ಹೇಳಿದ್ದರು, ನಾನೂ ಹಾಗೇ ಮಾಡಿದೆ.

ಸಕಲೇಶಪುರದ ಹತ್ತಿರ ತೋಟದ ಮನೆ, ಮೇಲೆ ಜಿಂಕ್ ಶೀಟು, ಪುನರ್ವಸು ಮಳೆ. ಕಿವಿಯಲ್ಲಿ ಇಯರ್‌ಫೋನ್. ಫೋನಿನ ವಾಲ್ಯೂಮ್ 15 ಮೆಟ್ಟಿಲಲ್ಲಿ 12ರಲ್ಲಿತ್ತು. ಹಳೇ ಚಿತ್ರಗೀತೆ ಕೇಳುವಾಗ ಮಳೆ ಸದ್ದಿಗೆ ಸಮ ಮಾಡಿಟ್ಟಿದ್ದ ಮಟ್ಟ ಅದು. ಅದನ್ನು ಮುಟ್ಟದೆ, ಜಪಾನಿನ ನಾಯ್ಸ್ ಕಲಾವಿದ ಮೆರ್ಜ್‌ಬೋ 1996ರಲ್ಲಿ ತಂದ 'ಪಲ್ಸ್ ಡೀಮನ್' ಹಾಕಿದೆ. ಅರ್ಧ ಗಂಟೆಗೆ ಸದ್ದು ಯಾಕೋ ಮಂಕಾಯ್ತು ಅನ್ನಿಸಿ 14ಕ್ಕೆ ಏರಿಸಿದೆ. ಪೂರ್ತಿ ಕೇಳಿ ಮುಗಿಸಿದ್ದೇ ದೊಡ್ಡ ಸಾಧನೆ ಅಂದುಕೊಂಡೆ. ಬೆಳಿಗ್ಗೆ ಎದ್ದಾಗ ಮಳೆ ಬಿಟ್ಟಿತ್ತು, ಜೀರುಂಡೆ ಕೂಗುತ್ತಿತ್ತು. ಬಾಗಿಲು ಹಾಕಿದೆ, ಆದರೂ ಕೂಗುತ್ತಿತ್ತು, ಎಡಗಿವಿಯಲ್ಲಿ ಮಾತ್ರ. ಹಾಸನದಲ್ಲಿ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದರು: ಗೆರೆ 4000 ಹರ್ಟ್ಸ್ ಹತ್ತಿರ ಹಳ್ಳಕ್ಕಿಳಿದು ಮತ್ತೆ ಮೇಲೆ ಬಂದಿತ್ತು. ಗದ್ದಲದಿಂದ ಕೆಟ್ಟ ಕಿವಿಯ ಗುರುತೇ ಅದು. ಆ ಜೀರುಂಡೆ ಇನ್ನೂ ಹೋಗಿಲ್ಲ.

ತಪ್ಪು ಮೆರ್ಜ್‌ಬೋದಲ್ಲ. ಹಾಡಿಗೆ ಇಟ್ಟ ವಾಲ್ಯೂಮಿನಲ್ಲೇ ನಾಯ್ಸ್ ಹಾಕಿದ್ದು ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಹಾಡಿನಲ್ಲಿ ತಬಲಾದ ಪೆಟ್ಟು, ಗಾಯಕಿಯ ಮೇಲಿನ ಸ್ವರ ಇಂಥವು ಆಗಾಗ ಏರಿ ಇಳಿಯುತ್ತವೆ. ನಡುವೆ ಉಸಿರು ಇದೆ, ಮೌನ ಇದೆ. ಹಳೇ ಧ್ವನಿಮುದ್ರಣಗಳಲ್ಲಿ ಅತಿ ಎತ್ತರದ ಕ್ಷಣಕ್ಕೂ ಸರಾಸರಿ ಸದ್ದಿಗೂ 12ರಿಂದ 15 ಡೆಸಿಬೆಲ್ ಅಂತರ ಇರೋದು ಸಾಮಾನ್ಯ. ಬಿಡುವೇ ಇಲ್ಲದ ದಟ್ಟ ನಾಯ್ಸ್ ಗೋಡೆಯಲ್ಲಿ ಆ ಅಂತರ ಕೆಲವೇ ಡೆಸಿಬೆಲ್. ವಾಲ್ಯೂಮ್ ಗುಂಡಿ ಒಂದೇ ಕಡೆ ಇದ್ದರೂ ಕಿವಿಗೆ ಬೀಳುವ ಒಟ್ಟು ಶಕ್ತಿ ಹತ್ತು ಪಟ್ಟಾಗಬಹುದು. ಕೆಲಸದ ಜಾಗಗಳಿಗೆ ಇಟ್ಟಿರುವ ಲೆಕ್ಕ ನೋಡಿ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕರ್ಧ: 88ಕ್ಕೆ 4, 91ಕ್ಕೆ 2, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ನಾನು ಒಂದು ಗಂಟೆಗೂ ಮೇಲೆ ಕೂತಿದ್ದೆ. ಅರ್ಧ ಗಂಟೆಗೆ ಮಂಕಾಯ್ತು ಅನ್ನಿಸಿತಲ್ಲ, ಸಂಗೀತ ಮಂಕಾಗಿರಲಿಲ್ಲ, ಕಿವಿ ಸೋತಿತ್ತು. ಸೋತ ಕಿವಿಗೆ ಇನ್ನಷ್ಟು ಹಾಕಿದೆ. ನಿಮ್ಮ ಗೆಳೆಯರು 'ಪಳಗೋದು' ಅನ್ನೋದು ಇದನ್ನೇ, ಹಾಗಾಗಿ ಆ ಮಾತನ್ನು ಅಲ್ಲೇ ಬಿಡಿ. ಈ ಸಂಗೀತ ತಡ್ಕೊಳ್ಳೋ ಪಂದ್ಯ ಅಲ್ಲ.

ವಾಲ್ಯೂಮ್ ಇಡೋ ರೀತಿ ಹೀಗೆ. ಮಳೆ ಇಲ್ಲದ ಹೊತ್ತಲ್ಲಿ, ಫ್ಯಾನ್ ಆರಿಸಿ, ವಾಲ್ಯೂಮ್ ಸೊನ್ನೆಗೆ ತನ್ನಿ. ಟ್ರ್ಯಾಕ್‌ನ ಶುರುವಲ್ಲಿ ಅಲ್ಲ, ಮಧ್ಯಕ್ಕೆ ಎಳೆದು ಅತಿ ದಟ್ಟವಾದ ಜಾಗ ಹುಡುಕಿ, ಅಲ್ಲಿ ಒಂದೊಂದೇ ಮೆಟ್ಟಿಲು ಏರಿಸಿ. ಒಂದು ತೋಳಿನ ದೂರದಲ್ಲಿ ಯಾರಾದರೂ ಮಾಮೂಲಿ ದನಿಯಲ್ಲಿ "ಕಾಫಿ ಬೇಕಾ" ಅಂದರೆ ಅರ್ಥ ಆಗಬೇಕು. ಆಗಲಿಲ್ಲ ಅಂದರೆ ಇಳಿಸಿ. ಆಮೇಲೆ ಇಳಿಸೋಕೆ ಮಾತ್ರ ಗುಂಡಿ ಮುಟ್ಟಿ. ಹದಿನೈದು ನಿಮಿಷ ಕೇಳಿ ಅಷ್ಟೇ ಹೊತ್ತು ಬಿಡಿ. ಮಳೆ ಜೋರಾದರೆ ಅದರ ಜೊತೆ ಸ್ಪರ್ಧೆಗಿಳಿಯಬೇಡಿ, ಆಫ್ ಮಾಡಿ ಮಳೆನೇ ಕೇಳಿ. (ಶೀಟಿನ ಮೇಲಿನ ಜಡಿಮಳೆ ಬಿಳಿ ಗದ್ದಲಕ್ಕೆ, ಅಂದರೆ ತಗ್ಗು-ಎತ್ತರದ ಸ್ವರಗಳೆಲ್ಲ ಒಂದೇ ಮಟ್ಟದಲ್ಲಿ ಬೆರೆತ ಸದ್ದಿಗೆ, ತುಂಬ ಹತ್ತಿರ. ಇಷ್ಟು ವರ್ಷ ಪುಕ್ಕಟೆ ಕೇಳ್ತಾ ಇದ್ದೀರಿ.)

ಹೆಡ್‌ಫೋನ್ ವಿಷಯ ಚುಟುಕಾಗಿ: ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ, ಎರಡು-ಮೂರು ಸಾವಿರದ್ದು ಸಾಕು. ಮುಚ್ಚಿದಷ್ಟೂ ಹೊರಗಿನ ಸದ್ದು ಕಮ್ಮಿ, ಏರಿಸೋ ಆಸೆಯೂ ಕಮ್ಮಿ. ಫೈಲ್ ಮಾತ್ರ ಚೆನ್ನಾಗಿರಲಿ. 128 ಕೆಬಿಪಿಎಸ್ ಎಂಪಿ3 ಸಾಮಾನ್ಯವಾಗಿ 16 ಸಾವಿರ ಹರ್ಟ್ಸ್ ಮೇಲಿನದ್ದನ್ನು ಕತ್ತರಿಸುತ್ತೆ, ಉಳಿದದ್ದರಲ್ಲೂ 'ಕಿವಿಗೆ ಬೇಡ' ಅನ್ನಿಸಿದ್ದನ್ನು ಬಿಸಾಕುತ್ತೆ. ಹಾಡಿನಲ್ಲಿ ಅದು ಅಷ್ಟಾಗಿ ಗೊತ್ತಾಗಲ್ಲ. ನಾಯ್ಸ್‌ನಲ್ಲಿ ಬೇಡವಾದದ್ದು ಅಂತ ಏನೂ ಇಲ್ಲವಲ್ಲ, ಹಾಗಾಗಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತೆ. ಏನನ್ನೂ ಬಿಸಾಕದೆ ಕುಗ್ಗಿಸುವ ಫ್ಲಾಕ್ ಫೈಲ್ ಸಿಕ್ಕರೆ ಅದನ್ನೇ ಇಳಿಸಿಕೊಳ್ಳಿ. ಸೀಡಿ ಗುಣಮಟ್ಟದ ಹತ್ತು ನಿಮಿಷ ಕುಗ್ಗಿಸದೆ ಇದ್ದರೆ ಸುಮಾರು 105 ಎಂಬಿ. ನಾಯ್ಸ್ ಆದರೆ ಫ್ಲಾಕ್‌ನಲ್ಲೂ ಹೆಚ್ಚು ಕುಗ್ಗಲ್ಲ, ಸದ್ದಿನ ಅಲೆಯ ಮುಂದಿನ ಬಿಂದು ಏನೆಂದು ಊಹಿಸೋಕೆ ಆಗಲ್ಲವಲ್ಲ. ಸೈಜ್ ನೋಡಿ ಗಾಬರಿಯಾಗಬೇಡಿ.

ಕೇಳೋದು ಏನು? ಫ್ರಾನ್ಸಿನ ಪಿಯರ್ ಶೆಫರ್ 1948ರಲ್ಲಿ ಪ್ಯಾರಿಸ್ಸಿನ ಬ್ಯಾಟಿನ್ಯೋಲ್ ನಿಲ್ದಾಣದ ರೈಲು ಸದ್ದುಗಳನ್ನು ಕೂಡಿಸಿ ಮಾಡಿದ ಮೂರು ನಿಮಿಷದ ಕೃತಿ ಇದೆ, 'ಎತ್ಯೂದ್ ಓ ಶಮಾಂ ದ ಫೇರ್', ಅಂದರೆ ರೈಲಿನ ಅಭ್ಯಾಸ. ಆಗ ಅವರ ಕೈಯಲ್ಲಿದ್ದದ್ದು ಟೇಪ್ ಅಲ್ಲ, ಗ್ರಾಮಫೋನ್ ಪ್ಲೇಟು. ಪ್ಲೇಟಿನ ಗೆರೆ ಸುರುಳಿಯಾಗಿ ಒಳಗೆ ಹೋಗುತ್ತೆ ತಾನೆ, ಅದನ್ನು ಸುರುಳಿ ಬಿಟ್ಟು ಒಂದೇ ಮುಚ್ಚಿದ ವೃತ್ತವಾಗಿ ಕೊರೆದರೆ ಮುಳ್ಳು ಅಲ್ಲೇ ಸುತ್ತುತ್ತೆ. 78 ಸುತ್ತಿನ ಪ್ಲೇಟಿನಲ್ಲಿ ಒಂದು ಸುತ್ತು ಮುಕ್ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಅಷ್ಟು ಹೊತ್ತಿನ ರೈಲು ಸದ್ದು ಮತ್ತೆ ಮತ್ತೆ ಬಂದಾಗ ನಾಲ್ಕನೇ ಸುತ್ತಿಗೆ ರೈಲು ಮರೆತುಹೋಗಿ ತಾಳ ಕೇಳಿಸುತ್ತೆ. ಈ ಕೃತಿಯನ್ನು ಒಂದೇ ಕೂತಲ್ಲಿ ಮೂರು ಸಲ ಕೇಳಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ತಳದ ಸದ್ದಿನ ಬೆನ್ನು ಹಿಡಿದು. ಮೂರನೇ ಸಲ ಒಂದು ಸದ್ದು ಮುಗಿದು ಇನ್ನೊಂದು ಶುರುವಾಗುವ ಅಂಚುಗಳನ್ನು ಮಾತ್ರ. ಸಕಲೇಶಪುರ ಘಾಟಿಯಲ್ಲಿ ರೈಲು ಸುರಂಗಕ್ಕೆ ನುಗ್ಗುವಾಗ ಸದ್ದು ಬದಲಾಗುತ್ತಲ್ಲ, ಅಂಥ ಅಂಚು.

ಆಮೇಲೆ ನಮ್ಮ ದೇಶದ್ದು. ಚರಣ್‌ಜಿತ್ ಸಿಂಗ್ 1982ರಲ್ಲಿ ಧ್ವನಿಮುದ್ರಿಸಿದ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'ನಲ್ಲಿ ರೋಲ್ಯಾಂಡ್ 808 ಡ್ರಮ್, 303 ಬೇಸ್ ಯಂತ್ರಗಳ ಮೇಲೆ ರಾಗಗಳಿವೆ. ಕರ್ನಾಟಕ ಸಂಗೀತದ ಕಿವಿಯಿದ್ದರೆ ಹಿಂದೂಸ್ತಾನಿಯ ಭೂಪಾಲಿಯಲ್ಲಿ ಮೋಹನ, ಮಾಲ್ಕೌಂಸ್‌ನಲ್ಲಿ ಹಿಂದೋಳ ಹಿಡಿಯಿರಿ. ರಾಗ ಗೊತ್ತಿದ್ದರೆ ಗಮನ ಯಂತ್ರದ ಮೇಲೆ ನಿಲ್ಲುತ್ತೆ. ಅಹಮದಾಬಾದಿನ ವಿನ್ಯಾಸ ಶಾಲೆ ಎನ್‌ಐಡಿಯಲ್ಲಿ 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ) ಇರುವ ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ಅಲ್ಲಿ 1972ರವರೆಗೆ ಆದ ಕೆಲಸ 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಅಂತ ಹೊರಬಂತು. ಕೆಲವು ತುಣುಕು ಪ್ರಯೋಗಶಾಲೆಯ ರಫ್ ನೋಟ್‌ಬುಕ್ ಥರ ಇವೆ, ನನಗೆ ಅವೇ ಇಷ್ಟ.

ತಂಬೂರಿ ಶ್ರುತಿಗೆ ಕೂತು ಅಭ್ಯಾಸ ಇದ್ದರೆ ಫ್ರಾನ್ಸಿನ ಸಂಗೀತ ರಚನೆಗಾರ್ತಿ ಎಲಿಯಾನ್ ರಾಡಿಗ್ ನಿಮ್ಮವರೇ. ಆರ್ಪ್ 2500 ಸಿಂಥಸೈಜರಿನಲ್ಲಿ ಮಾಡಿದ 'ಕ್ಯೇಮಾ' ಸುಮಾರು ಒಂದು ಗಂಟೆ. ಬದಲಾವಣೆ ಎಷ್ಟು ನಿಧಾನ ಅಂದರೆ ಬದಲಾದ ಮೇಲಷ್ಟೇ ಗೊತ್ತಾಗುತ್ತೆ. ಇದನ್ನು ಸ್ಪೀಕರಿನಲ್ಲಿ ಕೇಳಿ, ಮಧ್ಯೆ ಎದ್ದು ಕೋಣೆಯಲ್ಲಿ ಎರಡು ಹೆಜ್ಜೆ ಹಾಕಿ. ಗೋಡೆಗೆ ಬಡಿದು ಬಂದ ಅಲೆ ನೇರ ಬಂದ ಅಲೆಗೆ ಕೆಲವು ಜಾಗದಲ್ಲಿ ಕೂಡುತ್ತೆ, ಕೆಲವು ಜಾಗದಲ್ಲಿ ಕಳೆಯುತ್ತೆ. ಆ ಎರಡೇ ಹೆಜ್ಜೆಗೆ ತಳದ ಸ್ವರ ದಪ್ಪ-ತೆಳು ಆಗುತ್ತೆ.

ಇಷ್ಟಾಗೋಕೆ ಒಂದು ತಿಂಗಳು ಬೇಕು. ಆಮೇಲೆ 'ಪಲ್ಸ್ ಡೀಮನ್' ಹಾಕಿ, ಮೇಲೆ ಹೇಳಿದ ಹಾಗೆ ವಾಲ್ಯೂಮ್ ಇಟ್ಟು, ಹತ್ತು ನಿಮಿಷ ಮಾತ್ರ. ಗೋಡೆಯೊಳಗೆ ಮೂರು-ನಾಲ್ಕು ಪದರ ಬೇರೆ ಬೇರೆಯಾಗಿ ಓಡಾಡೋದು ಸಣ್ಣ ವಾಲ್ಯೂಮಿನಲ್ಲೇ ಕೇಳುತ್ತೆ. ನನಗೆ 14ರಲ್ಲಿ ಒಂದೂ ಕೇಳಿರಲಿಲ್ಲ. ಕೇಳಿದ ರಾತ್ರಿ ಕಿವಿ ಗುಂಯ್ ಅಂದರೆ ಎರಡು ದಿನ ಏನೂ ಹಾಕಬೇಡಿ. ಒಂದು ಕಿವಿ ಏಕಾಏಕಿ ಮಂದವಾದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾನು ಹೋಗಿದ್ದು ಮೂರು ವಾರ ಕಳೆದ ಮೇಲೆ, ಮಳೆ ಕಡಿಮೆಯಾಗಲಿ ಅಂತ.