ಆಪ್ತಸಲಹೆ ಪ್ರಕರಣ: ಮೊಬೈಲ್ ಓದುವ ಕಣ್ಣಿಗೆ ಲೆಡ್ಜರ್ ಕಾಣದಿದ್ದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಅಂಕೋಲಾ ಕಡೆಯ ಹಳ್ಳಿಯಿಂದ ಕಾರವಾರದ ಕಾಲೇಜಿಗೆ ಬರುವ ಬಿ.ಕಾಂ. ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ. ಅಕೌಂಟ್ಸ್ ಒಂದರಲ್ಲೇ ಫೇಲು, ಉಳಿದದ್ದರಲ್ಲಿ ಒಳ್ಳೆಯ ಅಂಕ. ಬಿ.ಎ.ಗೆ ಹೋದರೆ ಸುಲಭವಾದೀತು ಎಂದು ಕಾಲೇಜಿನಲ್ಲಿ ಹೇಳಿದ್ದರು. ಕೊನೆಯ ಪೀರಿಯಡ್‌ನಲ್ಲಿ ಹಾಜರಿ ಕಡಿಮೆ ಎಂಬ ದೂರೂ ಇತ್ತು. ಜೊತೆಗೆ ಬಂದ ತಾಯಿ ಕೇಳಿದ್ದು: "ಮೊಬೈಲಲ್ಲಿ ಸಣ್ಣ ಅಕ್ಷರನೂ ಓದ್ತದೆ ಮೇಡಂ. ಪುಸ್ತಕ ಅಂದ್ರೆ ಮಾತ್ರ ಕಾಣೂದಿಲ್ಲ ಅಂತದೆ. ನಂಬೂದು ಹ್ಯಾಂಗೆ?"

ನಂಬಲೇಬೇಕು. ಮಗಳಿಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ (ರೆಟಿನಾ) ಕ್ರಮೇಣ ಕೆಡುವ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ಮಬ್ಬುಗತ್ತಲಿನಲ್ಲಿ ಕಾಣುವುದು ಕುಂದುತ್ತದೆ, ಆಮೇಲೆ ನೋಟದ ಅಂಚುಗಳು ಒಳಸರಿಯುತ್ತವೆ. ನಡುವಿನ ನೋಟ ಬಹುಕಾಲ ಚೆನ್ನಾಗಿಯೇ ಉಳಿಯಬಹುದು. ಆಕೆಗೆ ಉಳಿದಿರುವ ದೃಷ್ಟಿಕ್ಷೇತ್ರ ಸುಮಾರು 20 ಡಿಗ್ರಿ. 30 ಸೆಂ.ಮೀ. ದೂರದಲ್ಲಿ ಪುಸ್ತಕ ಹಿಡಿದರೆ ಒಂದು ಸಲಕ್ಕೆ ಕಾಣುವುದು ಹತ್ತೂವರೆ ಸೆಂ.ಮೀ. ಅಗಲ ಮಾತ್ರ. ಮೊಬೈಲ್ ಪರದೆ ಅದರೊಳಗೆ ಹಿಡಿಯುತ್ತದೆ. 21 ಸೆಂ.ಮೀ. ಅಗಲದ ಎ4 ಹಾಳೆ ಹಿಡಿಯುವುದಿಲ್ಲ. ಎಡಗಡೆ ಖಾತೆಯ ಹೆಸರು ಓದಿ ಬಲಗಡೆಯ ಮೊತ್ತಕ್ಕೆ ಹೋಗುವಷ್ಟರಲ್ಲಿ ಕಣ್ಣು ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಜಾರುತ್ತದೆ. ಆಕೆಯ ಉತ್ತರಪತ್ರಿಕೆಯಲ್ಲಿ ಬಾಡಿಗೆಯ ಮೊತ್ತ ಸಂಬಳದ ಎದುರು ಕೂತಿತ್ತು. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂಬುದರಲ್ಲಿ ಒಂದೂ ತಪ್ಪಿರಲಿಲ್ಲ.

ಕಾಲೇಜು ಒಳ್ಳೆಯ ಮನಸ್ಸಿನಿಂದಲೇ ಪ್ರಶ್ನೆಪತ್ರಿಕೆಯನ್ನು ಎ3 ಹಾಳೆಗೆ ಹಿಗ್ಗಿಸಿ ಕೊಟ್ಟಿತ್ತು. ಅದರಿಂದ ಕಷ್ಟ ಹೆಚ್ಚಿತು. ಮಸುಕಾಗಿ ಕಾಣುವವರಿಗೆ ದೊಡ್ಡ ಅಕ್ಷರ ನೆರವಾಗುತ್ತದೆ. ನೋಟದ ಹರವು ಕುಗ್ಗಿದವರಿಗೆ ಅಕ್ಷರ ಹಿಗ್ಗಿದಷ್ಟೂ ಒಮ್ಮೆಗೆ ಕಾಣುವ ಪದಗಳು ಕಡಿಮೆಯಾಗುತ್ತವೆ. 'ದೃಷ್ಟಿದೋಷ' ಎಂಬ ಒಂದೇ ಪದ ನೋಡಿ ಎಲ್ಲರಿಗೂ ಒಂದೇ ಸೌಲಭ್ಯ ಕೊಡುವುದು ಇದಕ್ಕೇ ಸಲ್ಲದು.

ಹಾಗಾಗಿ ಕೊಟ್ಟ ಸಲಹೆ: ಅಕ್ಷರ 12–14 ಪಾಯಿಂಟ್ ಇರಲಿ, ಕಡುಗಪ್ಪಾಗಿರಲಿ. ಲೆಡ್ಜರ್‌ನ ಒಂದೊಂದು ಬದಿಯನ್ನೂ 10 ಸೆಂ.ಮೀ. ಒಳಗೆ ಗೆರೆ ಹಾಕಿಕೊಳ್ಳಬೇಕು, ಹೆಸರಿನ ಪಕ್ಕದಲ್ಲೇ ಮೊತ್ತ ಬರಬೇಕು. ಕಪ್ಪು ರಟ್ಟಿನಲ್ಲಿ ಒಂದೂವರೆ ಸಾಲಿನಷ್ಟು ಎತ್ತರದ, ಸಾಲಿನುದ್ದದ ಕಿಂಡಿ ಕತ್ತರಿಸಿ, ಅದನ್ನು ಪುಟದ ಮೇಲೆ ಸಾಲು ಸಾಲಾಗಿ ಇಳಿಸುತ್ತ ಓದಬೇಕು. ಕಣ್ಣು ಕುಕ್ಕುವ ಕಿಟಕಿಯ ಪಕ್ಕ ಬೇಡ. ಮುಂದಿನ ಬೆಂಚಿಗಿಂತ ಮೂರನೆಯದು ವಾಸಿ, ದೂರದಿಂದ ಬೋರ್ಡಿನ ಹೆಚ್ಚು ಭಾಗ ನೋಟಕ್ಕೆ ಸಿಗುತ್ತದೆ.

ಪರೀಕ್ಷೆಗೆ ಲಿಪಿಕಾರರನ್ನು (ಹೇಳಿದ್ದನ್ನು ಬರೆದುಕೊಡುವವರನ್ನು) ತೆಗೆದುಕೊಳ್ಳಲು ಎಲ್ಲರೂ ಹೇಳಿದ್ದರು. ಥಿಯರಿ ಪತ್ರಿಕೆಗೆ ಅದು ಸರಿ. ಅಕೌಂಟ್ಸ್‌ನಲ್ಲಿ ಕಾಲಂ ಕಾಲಂ ಹೇಳಿ ಬರೆಸುವುದು ಮೊದಲೇ ಜೊತೆಗೆ ಕೂತು ರೂಢಿ ಮಾಡದಿದ್ದರೆ ಕೈಕೊಡುತ್ತದೆ, ಆಕೆ ಸ್ವತಃ ಬರೆಯುವುದೇ ಮೇಲು. ಲಿಪಿಕಾರರಿದ್ದರೆ ಮಾತ್ರ ಹೆಚ್ಚುವರಿ ಸಮಯ ಎಂದು ಅನೇಕ ಕಡೆ ತಿಳಿದಿದ್ದಾರೆ, ಅದು ತಪ್ಪು. ಕೇಂದ್ರದ 2018ರ ಮಾರ್ಗಸೂಚಿಯಲ್ಲೇ, ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವವರು ತಾವೇ ಬರೆದರೂ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಬಹುದು ಎಂದಿತ್ತು.

ಅದಕ್ಕೆ ಪ್ರಮಾಣಪತ್ರ ಬೇಕು. ಹಿಂದೊಮ್ಮೆ ಗೋಡೆಯ ಅಕ್ಷರಪಟ್ಟಿ ಓದಿಸಿ 'ದೃಷ್ಟಿ ಚೆನ್ನಾಗಿದೆ' ಎಂದು ವಾಪಸ್ ಕಳಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿ ದೃಷ್ಟಿಕ್ಷೇತ್ರ 40ರಿಂದ 10 ಡಿಗ್ರಿಯೊಳಗಿದ್ದರೂ ಮಂದದೃಷ್ಟಿ ಎಂದೇ ಪರಿಗಣಿಸುತ್ತದೆ. ಯುಡಿಐಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ) ಅರ್ಜಿ ಹಾಕಿ, ವೈದ್ಯರ ಮುಂದೆ ದೃಷ್ಟಿಕ್ಷೇತ್ರ ಅಳೆಯುವ ಪೆರಿಮೆಟ್ರಿ ಪರೀಕ್ಷೆಯ ವರದಿ ಇಡಲು ತಿಳಿಸಿದೆ.

ಕೊನೆಯ ಪೀರಿಯಡ್ ತಪ್ಪುವುದಕ್ಕೆ ಕಾರಣ ಬೇರೆಯೇ ಇತ್ತು. ಮಳೆಗಾಲದಲ್ಲಿ ಬೇಗ ಕತ್ತಲೆಗಟ್ಟುತ್ತದೆ, ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಗಟಾರ ಕಾಣುವುದಿಲ್ಲ. ಆ ಪಾಠವನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಡಲು ಅಧ್ಯಾಪಕರು ಒಪ್ಪಿದರು. ಬಿಳಿ ಕೋಲಿಗೆ ಆಕೆ ಇನ್ನೂ ಒಪ್ಪಿಲ್ಲ, ಊರವರು ನೋಡುತ್ತಾರೆಂಬ ಸಂಕೋಚ. ಒತ್ತಾಯ ಮಾಡಿಲ್ಲ, ಮಡಚುವ ಕೋಲು ಬ್ಯಾಗಿನಲ್ಲಿರಲಿ, ಕತ್ತಲಾದ ಮೇಲಷ್ಟೇ ತೆಗೆ ಎಂದಿದ್ದೇನೆ.

ಕೋರ್ಸ್ ಬದಲಾವಣೆ ಕೈಬಿಟ್ಟಾಯಿತು, ಆಕೆಗೆ ಲೆಕ್ಕದಲ್ಲೇ ಆಸಕ್ತಿ. ಆದರೆ ದೃಷ್ಟಿ ಇನ್ನೂ ಕುಗ್ಗಬಹುದು. ಕಾಣುತ್ತಿರುವಾಗಲೇ, ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಮತ್ತು ಎಕ್ಸೆಲ್ ಅನ್ನು ಕೀಬೋರ್ಡ್‌ನಿಂದಲೇ ಬಳಸಲು ದಿನಕ್ಕೆ ಅರ್ಧ ಗಂಟೆ ಕಲಿಯುವುದು, ಪ್ರತಿ ಸೆಮಿಸ್ಟರ್‌ನ ಆರಂಭದಲ್ಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಎಂದು ನಿಶ್ಚಯಿಸಿದೆವು. ಕಾಯಿಲೆ ವಂಶವಾಹಿಯಾದ್ದರಿಂದ ಹೈಸ್ಕೂಲಿನಲ್ಲಿರುವ ತಮ್ಮನ ಕಣ್ಣನ್ನೂ ಈ ರಜೆಯಲ್ಲೇ ತೋರಿಸಲು ತಾಯಿಗೆ ಹೇಳಿದ್ದೇನೆ.